ಸೂರ್ಯನ ಪುಟ್ಟ ಜೆಟ್‌ಗಳ ಹಿಂದೆ ವಿಜ್ಞಾನಿಗಳು ಯಾಕೆ ಬಿದ್ದಿದ್ದಾರೆ?

ಭೂಮಿಗೆ ತೊಂದರೆ ಕೊಡುವುದು ಸೂರ್ಯನ ದೊಡ್ಡ ಸ್ಫೋಟಗಳೇ ಅಲ್ವಾ, ಹಾಗಿದ್ದರೆ ಅದರಿಂದ ಚಿಮ್ಮುವ ಬಿಸಿ ಅನಿಲದ ಧಾರೆಗಳಾದ ಚಿಕ್ಕ ಜೆಟ್‌ಗಳ ಬಗ್ಗೆ ಇಷ್ಟು ಸಂಶೋಧನೆ ಯಾಕೆ ಎಂದು ಕೇಳಿದ್ದೀರಿ. ದೊಡ್ಡವು ಆಗೊಮ್ಮೆ ಈಗೊಮ್ಮೆ ಸಿಡಿಯುತ್ತವೆ. ಚಿಕ್ಕವಕ್ಕೆ ಬಿಡುವೇ ಇಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಅದು.

ಸೋಲಾರ್ ಆರ್ಬಿಟರ್ ನೌಕೆ 2022ರ ಮಾರ್ಚ್ 30ರಂದು ಸೂರ್ಯನ ದಕ್ಷಿಣ ಧ್ರುವದ ಹತ್ತಿರ ತೆಗೆದ ವಿಡಿಯೊ ಒಮ್ಮೆ ನೋಡಿ. ಅಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಒಂದು ಕರೋನಾ ರಂಧ್ರವಿದೆ. ಅಂದರೆ ಕಾಂತರೇಖೆಗಳು ಬಾಗಿ ಕೆಳಗಿಳಿಯದೆ ಬಾಹ್ಯಾಕಾಶಕ್ಕೆ ಚಾಚಿಕೊಂಡಿರುವ ಜಾಗ. ಅದರ ತುಂಬ ಸಣ್ಣ ಸಣ್ಣ ಗೆರೆಗಳು ಮೂಡಿ ಮಾಯವಾಗುತ್ತವೆ. ಪ್ರಕಟವಾದ ಚಿತ್ರಗಳಲ್ಲಿ ಅವು ಕಪ್ಪಗಿದ್ದರೆ ಗೊಂದಲ ಬೇಡ, ಅದು ನೆಗೆಟಿವ್. ನಿಜಕ್ಕೂ ಅವು ಹೊಳೆಯುತ್ತವೆ. ಅಗಲ ಕೆಲವು ನೂರು ಕಿಲೋಮೀಟರ್, ಆಯಸ್ಸು 20ರಿಂದ 100 ಸೆಕೆಂಡು, ವೇಗ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್. ದೊಡ್ಡ ಜ್ವಾಲೆಯೊಂದರ ಶಕ್ತಿಯಲ್ಲಿ ಲಕ್ಷ ಕೋಟಿಯ ಒಂದು ಪಾಲು ಇವಕ್ಕಿರುತ್ತದೆ. ಅದಕ್ಕೇ ಪಿಕೊಫ್ಲೇರ್ ಜೆಟ್ ಎಂಬ ಹೆಸರು: ಪಿಕೊ ಎಂದರೆ ಲಕ್ಷ ಕೋಟಿಯ ಒಂದು ಪಾಲು, ಫ್ಲೇರ್ ಎಂದರೆ ಜ್ವಾಲೆ.

ಇವು ಹುಟ್ಟುವುದು ಕಾಂತರೇಖೆಗಳ ಜಗಳದಿಂದ. ಮೇಲ್ಮೈ ಸದಾ ಕುದಿಯುವುದರಿಂದ ರೇಖೆಗಳು ತಿರುಚಿಕೊಳ್ಳುತ್ತವೆ. ವಿರುದ್ಧ ದಿಕ್ಕಿನ ಎರಡು ಎದುರಾದರೆ ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ಇದೇ ರೀಕನೆಕ್ಷನ್. ಕೂಡಿಟ್ಟಿದ್ದ ಶಕ್ತಿ ಆಗ ಬಿಡುಗಡೆಯಾಗಿ, ಪ್ಲಾಸ್ಮಾ (ವಿದ್ಯುದಾವೇಶವಿರುವ ಕಣಗಳ ಅನಿಲ) ತೆರೆದ ರೇಖೆಯ ಗುಂಟ ಹೊರಗೆ ಚಿಮ್ಮುತ್ತದೆ. ಇವಕ್ಕಿಂತ ಎಷ್ಟೋ ದೊಡ್ಡದಾದ ಧ್ರುವದ ಜೆಟ್‌ಗಳಲ್ಲಿ ಮೊದಲು ತಂಪು ಪ್ಲಾಸ್ಮಾದ ಚಿಕ್ಕ ಎಳೆಯೊಂದು ಬುಡದಿಂದ ಎದ್ದು ಸಿಡಿಯುತ್ತದೆ ಎಂದು 2015ರಲ್ಲಿ 20 ಜೆಟ್‌ಗಳನ್ನು ಪರೀಕ್ಷಿಸಿದ ತಂಡವೊಂದು ತೋರಿಸಿತು. ದೊಡ್ಡ ಸ್ಫೋಟಗಳಲ್ಲೂ ಹೀಗೇ ಎಳೆ ಏಳುತ್ತದೆ, ಅಳತೆ ಮಾತ್ರ ಬೇರೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಇನ್ನು ಸೌರಮಾರುತ. ಅದು ಭೂಮಿಯನ್ನೂ ದಾಟಿ ಎಲ್ಲ ಗ್ರಹಗಳತ್ತ ಬೀಸುವ ಕಣಗಳ ಹೊಳೆ. ಒಂದೇ ಸಮನೆ ಹರಿಯುತ್ತದೆ ಎಂದು ಹಿಂದೆ ಅಂದುಕೊಂಡಿದ್ದರು. ಈಗ ಈ ಪುಟ್ಟ ಚಿಮ್ಮುಗಳೇ ಅದಕ್ಕೆ ದೊಡ್ಡ ಪಾಲು ಕೊಡುತ್ತಿರಬಹುದು ಎಂಬ ವಾದಕ್ಕೆ ಬಲ ಬಂದಿದೆ. ಮೇಲ್ಮೈ ಸುಮಾರು 5,500 ಡಿಗ್ರಿ ಇದ್ದರೆ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದಲ್ಲ, ಆ ಬಿಸಿಗೂ ಲೆಕ್ಕವಿಲ್ಲದಷ್ಟು ಚಿಕ್ಕ ಸ್ಫೋಟಗಳೇ ಕಾರಣವಿರಬಹುದು ಎಂದು ಸೌರವಿಜ್ಞಾನಿ ಯೂಜಿನ್ ಪಾರ್ಕರ್ 1988ರಲ್ಲೇ ವಾದಿಸಿದ್ದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಸ್ವಲ್ಪ ದೊಡ್ಡ ಜೆಟ್‌ಗಳನ್ನು ನೀವೇ ನೋಡಬಹುದು. ಹೀಲಿಯೊವ್ಯೂವರ್ ತಾಣದಲ್ಲಿ, ಸೂರ್ಯನನ್ನು ಗಮನಿಸುವ ನಾಸಾದ ಎಸ್‌ಡಿಒ ನೌಕೆಯ 193 ಆಂಗ್‌ಸ್ಟ್ರಾಮ್ ತರಂಗಾಂತರದ ಚಿತ್ರ ಆರಿಸಿ, ಧ್ರುವದ ಕಡೆ ಜೂಮ್ ಮಾಡಿ, ಸಮಯವನ್ನು ಮೆಲ್ಲಗೆ ಮುಂದೆ ಸರಿಸುತ್ತ ಹೋಗಿ.