ಪ್ರತಿಕ್ರಿಯೆ: ದೆವ್ವದ ಚಿತ್ರ 'ಎಕ್ಸಾರ್ಸಿಸ್ಟ್' ಎರಡನೇ ಭಾಗ ತಲೆಗೇ ಹೋಗಲಿಲ್ಲ, ಮುಂದಿನವು ನೋಡಬೇಕಾ?

ನಂಬರ್ ಪ್ರಕಾರ ನೋಡುತ್ತಾ ಹೋಗಿದ್ದೇ ತೊಂದರೆ ಅನ್ಸುತ್ತೆ. 1977ರ ಎರಡನೇ ಭಾಗವನ್ನು ಬೇರೆ ನಿರ್ದೇಶಕರು ಬೇರೆಯದೇ ದಾರಿಯಲ್ಲಿ ಮಾಡಿದ್ದಾರೆ. ಮೂರನೆಯದಕ್ಕೆ ಅದರ ಹಂಗಿಲ್ಲ, ಮರೆತುಬಿಡಿ.

ಮೊದಲು 1973ರ ಮೂಲ ಚಿತ್ರವನ್ನೇ ಇನ್ನೊಮ್ಮೆ ನೋಡಿ. ನೀವು ನೋಡಿದ್ದು ಯಾವ ಆವೃತ್ತಿ ಅಂತ ಪ್ರಶ್ನೆಯಿಂದ ತಿಳಿಯುತ್ತಿಲ್ಲ. ದೆವ್ವ ಹಿಡಿದ ಹುಡುಗಿ ಬೆನ್ನು ಬಗ್ಗಿಸಿ ಜೇಡದ ಹಾಗೆ ಮೆಟ್ಟಿಲು ಇಳಿದರೆ ಅದು 2000ದ ಉದ್ದದ ಆವೃತ್ತಿ. ನನಗೆ ಹಳೆಯದೇ ಇಷ್ಟ, ಬಿಗಿ ಜಾಸ್ತಿ. ಈ ಸಲ ಪಾದ್ರಿ ಕ್ಯಾರಸ್ ಮತ್ತು ಪೊಲೀಸ್ ಅಧಿಕಾರಿ ಕಿಂಡರ್‌ಮನ್ ಮೇಲೆ ಕಣ್ಣಿಡಿ.

ಆಮೇಲೆ ನೇರವಾಗಿ 1990ರ ಮೂರನೇ ಭಾಗ. ಮೂಲ ಕಾದಂಬರಿ ಬರೆದ ವಿಲಿಯಂ ಪೀಟರ್ ಬ್ಲ್ಯಾಟಿ ಅವರೇ ನಿರ್ದೇಶಿಸಿದ್ದು, ಕಥೆ ಕ್ಯಾರಸ್, ಕಿಂಡರ್‌ಮನ್ ಇಬ್ಬರ ಸುತ್ತಲೇ. ಆಸ್ಪತ್ರೆಯ ರಾತ್ರಿ ದೃಶ್ಯದಲ್ಲಿ ಕ್ಯಾಮೆರಾ ಕಾರಿಡಾರಿನ ತುದಿಯಲ್ಲಿ ಸುಮ್ನೆ ನಿಂತಿರುತ್ತದೆ. ನರ್ಸ್ ಓಡಾಡುತ್ತಾಳೆ, ಏನೂ ಆಗಲ್ಲ. ಆಗ ಫೋನ್ ಮಾತ್ರ ನೋಡಬೇಡಿ. ಕೊನೆಯ ದೆವ್ವ ಬಿಡಿಸುವ ಭಾಗ ತುರುಕಿದ ಹಾಗಿದೆ, ಅಲ್ವಾ ಅನಿಸಿದರೆ ಅದು ನಿಜವೇ: ಸ್ಟುಡಿಯೋ ಒತ್ತಾಯಕ್ಕೆ ಸೇರಿಸಿದ್ದು. ನಿರ್ದೇಶಕರ ಆವೃತ್ತಿ 2016ರಲ್ಲಿ ಬ್ಲೂ-ರೇಯಲ್ಲಿ ಬಂತು. ಅದರಲ್ಲಿ ಕೆಲವು ತುಣುಕು ವಿಎಚ್‌ಎಸ್ ಟೇಪಿನವು, ಚಿತ್ರ ಮಸುಕು.

ಮೂಲ ಚಿತ್ರಕ್ಕಿಂತ ಹಿಂದಿನ ಕಥೆಯೂ ಬೇಕಿದ್ದರೆ ಅದರ ಮೇಲೆ ಬಂದ 2004ರ ಚಿತ್ರ ಬಿಡಿ, ಪಾಲ್ ಶ್ರೇಡರ್ ಅವರ 2005ರ 'ಡೊಮಿನಿಯನ್' ನೋಡಿ.