ಕೊರಿಕಾಂಚದ ಗೋಡೆಗಳೂ ಡೊಮಿನಿಕನ್ ಮಠವೂ: ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಕಳೆದ ಸಂಚಿಕೆಯ ಪೆರು ಲೇಖನದಲ್ಲಿ, ಕುಸ್ಕೊ ನಗರದ ಸಾಂತೊ ಡೊಮಿಂಗೊ ಚರ್ಚಿನ ಬುಡದಲ್ಲಿ ಕಾಣುವ ಬಾಗಿದ ಕಲ್ಲುಗೋಡೆಯ ಚಿತ್ರ ನೋಡಿ ನೀವು ಪತ್ರ ಬರೆದಿದ್ದೀರಿ. ಇಂಕಾಗಳ ಕೊರಿಕಾಂಚ ದೇಗುಲವನ್ನು ನೆಲಸಮ ಮಾಡಿ ಈ ಚರ್ಚು, ಮಠ ಕಟ್ಟಿದ್ದಾದರೆ ಈ ಗೋಡೆ ಉಳಿದದ್ದು ಹೇಗೆ, ಈಗಲಾದರೂ ಮಠವನ್ನು ತೆರವು ಮಾಡಬಾರದೇಕೆ ಎಂಬುದು ನಿಮ್ಮ ಪ್ರಶ್ನೆ.

ದೇಗುಲ ಪೂರ್ತಿ ನೆಲಸಮವಾಗಲಿಲ್ಲ. ಮೊದಲು ಸೂರೆಹೋದದ್ದು ಅದರ ಹೊನ್ನು. ಕೊರಿಕಾಂಚ ಇಂಕಾ ಸಾಮ್ರಾಜ್ಯದ ಪ್ರಧಾನ ಸೂರ್ಯ ದೇಗುಲವಾಗಿತ್ತು. 1533ರಲ್ಲಿ, ಕಹಮಾರ್ಕ ಊರಿನಲ್ಲಿ ಸ್ಪೇನಿಗರ ಸೆರೆಯಲ್ಲಿದ್ದ ಇಂಕಾ ದೊರೆ ಅತಹುವಾಲ್ಪನ ಬಿಡುಗಡೆಗೆಂದು ನಿಗದಿಯಾಗಿದ್ದ ಚಿನ್ನವನ್ನು ಒಯ್ಯಲು ಬಂದ ಸ್ಪೇನಿಗರು, ಗೋಡೆಗಳಿಗೆ ಹೊದಿಸಿದ್ದ ಸುಮಾರು 700 ಚಿನ್ನದ ತಗಡುಗಳನ್ನು ತಾಮ್ರದ ಹಾರೆಗಳಿಂದ ಮೀಟಿ ಕಿತ್ತರು. ಚಿನ್ನ ಸಂದಾಯವಾದ ಮೇಲೂ ಅದೇ ವರ್ಷ ದೊರೆಯನ್ನು ಕೊಂದರು. ಈ ವಿಶ್ವಾಸಘಾತವನ್ನು ಮರೆತು ಮಠದ ಚರಿತ್ರೆಯನ್ನು ಹೇಳಲಾಗದು. ನಗರವನ್ನು ಗೆದ್ದವರು ಹಂಚಿಕೊಂಡಾಗ ಈ ಜಾಗ ಸ್ಪೇನಿಗರ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೊನ ತಮ್ಮ ಹ್ವಾನ್‌ನ ಪಾಲಿಗೆ ಬಂತು. ಅವನಿಂದ ಕ್ಯಾಥೊಲಿಕ್ ಪಂಗಡವಾದ ಡೊಮಿನಿಕನ್ ಸಂನ್ಯಾಸಿಗಳ ಕೈ ಸೇರಿತು.

ಸಂನ್ಯಾಸಿಗಳು ಹುಲ್ಲಿನ ಚಾವಣಿಗಳನ್ನು ತೆಗೆದರು, ಹಲವು ಗೋಡೆಗಳನ್ನು ಕೆಡವಿದರು, ಆದರೆ ಗಟ್ಟಿಯಾದ ಕೋಣೆಗಳನ್ನು ತಮ್ಮ ಒಳಾಂಗಣದ ಸುತ್ತ ಹಾಗೆಯೇ ಬಳಸಿಕೊಂಡು, ಬಾಗಿದ ಗೋಡೆಯನ್ನೇ ಚರ್ಚಿಗೆ ಆಧಾರವಾಗಿಸಿದರು. ಆ ಗೋಡೆಯನ್ನು ಹತ್ತಿರದಿಂದ ನೋಡಬೇಕು: ಬೂದುಗಪ್ಪು ಆಂಡಿಸೈಟ್ ಕಲ್ಲಿನ ಸಾಲುಗಳು ಮೇಲೇರಿದಂತೆ ಕಿರಿದಾಗುತ್ತವೆ, ಗೋಡೆ ತುಸು ಒಳಕ್ಕೆ ವಾಲುತ್ತದೆ, ಕಲ್ಲುಕಲ್ಲಿನ ನಡುವೆ ಗಾರೆಯೇ ಇಲ್ಲ. ಒಳಗಿನ ಕೋಣೆಗಳ ಬಾಗಿಲುಗಳೂ ಗೂಡುಗಳೂ ಕೆಳಗೆ ಅಗಲ, ಮೇಲೆ ಕಿರಿದು. ನೆಲ ನಡುಗಿದಾಗ ಇಂಥ ಗೋಡೆಯ ಕಲ್ಲುಗಳು ಅಲುಗಿ ಮತ್ತೆ ತಮ್ಮ ಜಾಗದಲ್ಲಿ ಕೂರುತ್ತವೆ. 1650ರ ಮಾರ್ಚ್ 31ರ ಭೂಕಂಪದಲ್ಲಿ ಚರ್ಚು ಬಿದ್ದಿತು, ಮತ್ತೆ ಕಟ್ಟಿದರು. ಇಂಕಾ ಗೋಡೆಗಳು ಬಹುಮಟ್ಟಿಗೆ ನಿಂತವು. ಇದನ್ನು ಪವಾಡವೆಂದು ಕೊಂಡಾಡುವವರಿದ್ದಾರೆ. ಹೆಸರೂ ಉಳಿಯದ ಕಲ್ಲುಕುಟಿಗರ ಲೆಕ್ಕಾಚಾರಕ್ಕೆ ಸಲ್ಲಬೇಕಾದ ಗೌರವ ಅದರಿಂದ ಕೈತಪ್ಪುತ್ತದೆಂಬುದು ನನ್ನ ಅಭಿಪ್ರಾಯ.

ನಿಮ್ಮ ಎರಡನೆಯ ಪ್ರಶ್ನೆಯನ್ನು ಕುಸ್ಕೊದ ಜನರೇ ಒಮ್ಮೆ ಎದುರಿಸಿದ್ದಾರೆ. 1950ರ ಮೇ 21ರ ಭೂಕಂಪದಲ್ಲಿ ಮಠದ ಭಾಗಗಳು ಕುಸಿದು, ಶತಮಾನಗಳ ಕಾಲ ಮರೆಯಲ್ಲಿದ್ದ ಇಂಕಾ ಗೋಡೆಗಳು ಹೊರಗೆ ಬಂದವು. ಮಠವನ್ನು ಮೊದಲಿನಂತೆಯೇ ಕಟ್ಟಬೇಕೆ, ದೇಗುಲವನ್ನು ಬಿಡಿಸಿ ತೋರಿಸಬೇಕೆ ಎಂಬ ವಾದ ಎದ್ದಿತು. ಕೊನೆಗೆ ಎರಡೂ ಉಳಿದವು: ಮಠದ ಕಮಾನುಗಳ ಸಾಲು ಮತ್ತೆ ಎದ್ದಿತು, ಅದರ ಹಿಂದಿನ ಕೋಣೆಗಳು ನೋಡುವವರಿಗೆ ತೆರೆದುಕೊಂಡವು. 1983ರಲ್ಲಿ ಯುನೆಸ್ಕೊ ಕುಸ್ಕೊವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಈ ಎರಡು ಪದರಗಳ ನಗರವನ್ನೇ.

ಹೀಗಾಗಿ ತೆರವು ಮಾಡಬೇಕೆಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಮಠವನ್ನು ಕೆಡವಿದರೆ ಕಿತ್ತ ಚಿನ್ನವೂ ಬಾರದು, ಕೆಡವಿದ ಕೋಣೆಗಳೂ ಬಾರವು. ಸೂರೆ ನಡೆದದ್ದಕ್ಕೆ ಕಣ್ಣೆದುರು ನಿಂತಿರುವ ಸಾಕ್ಷಿ ಮಾತ್ರ ಇಲ್ಲವಾಗುತ್ತದೆ. ನಿಮ್ಮ ಅಸಮಾಧಾನ ನ್ಯಾಯವಾದದ್ದೇ, ಆದರೆ ಅದು ನೀಗಬೇಕಾದದ್ದು ವಿವರಣೆಯಲ್ಲಿ: ಅಲ್ಲಿಗೆ ಬರುವ ಪ್ರತಿಯೊಬ್ಬರಿಗೂ 1533ರಲ್ಲಿ ನಡೆದದ್ದನ್ನು, ಕಟ್ಟಿದವರು ಯಾರು ಕಿತ್ತವರು ಯಾರು ಎಂಬುದನ್ನು, ಇಂಕಾಗಳ ನುಡಿಯಾದ ಕೆಚುವಾ ಭಾಷೆಯಲ್ಲೂ ಸ್ಪ್ಯಾನಿಷ್‌ನಲ್ಲೂ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

— ಸಂಪಾದಕ