ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪು

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟ ತುಂಬ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

'ಹಿಂದಿನ ಸಂಚಿಕೆಯಲ್ಲಿ ಕೊರೊನಾ ದಿನಗಳ ಬಗ್ಗೆ ಬರೆಯುತ್ತಾ, ಮತ್ತೆ ಅಂಥದ್ದು ಬಂದರೆ ಜನ ಒಂದಷ್ಟು ದಿನ ಮನೆಯಲ್ಲಿ ಇರಲೇಬೇಕು ಅಂದಿದ್ದೀರಿ. ನಾನು ಒಪ್ಪೋದಿಲ್ಲ. 2021ರ ಮೇ ತಿಂಗಳಲ್ಲಿ ಮಗಳ ಮದುವೆಯನ್ನು ಅಂಗಳದಲ್ಲಿ ನಲವತ್ತು ಜನರ ಮುಂದೆ ಮುಗಿಸಿದೆ. ಔಷಧಿ ತರಲು ಪೇಟೆಗೆ ಹೋದ ಮಗನ ಬೆನ್ನಿಗೆ ಲಾಠಿ ಏಟು ಬಿತ್ತು. ನನ್ನ ಮೈ, ನನ್ನ ಮನೆ, ನನ್ನ ತೋಟ. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅಂತ ಹೇಳೋಕೆ ಇವರು ಯಾರು? ಹೆದರುವವರು ಒಳಗಿರಲಿ, ಹೆದರದವರು ಓಡಾಡಲಿ.'

ಪತ್ರವನ್ನು ಮೂರು ಸಲ ಓದಿದೆ ಸಾರ್. ಮೊದಲು ನಿಮ್ಮ ಮಗನ ವಿಷಯ. ಆ ಏಟು ತಪ್ಪು. ಔಷಧಿ ಚೀಟಿ ಹಿಡಿದು ಹೊರಟವನಿಗೆ ಹೊಡೆಯಿರಿ ಅಂತ ಯಾವ ಕಾನೂನೂ ಹೇಳಿರಲಿಲ್ಲ. ಮದುವೆಗೆ ನೆಂಟರಿಷ್ಟರನ್ನೆಲ್ಲ ಕರೆಯೋಕೆ ಆಗಲಿಲ್ಲ ಅನ್ನೋ ಕೊರಗೂ ನನಗೆ ಅರ್ಥವಾಗುತ್ತದೆ. ಆ ವರ್ಷ ಹಾಸನ, ಚಿಕ್ಕಮಗಳೂರು ಎರಡೂ ಸೋಂಕು ಜಾಸ್ತಿ ಇದ್ದ 11 ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಬೇರೆ ಕಡೆ ಜೂನ್ 14ಕ್ಕೆ ಬಿಗಿ ಸಡಿಲವಾದರೆ ನಮಗೆ 21ರವರೆಗೂ ಎಳೆಯಿತು. ನಾವೆಲ್ಲ ಬೇಸತ್ತಿದ್ದೆವು.

ಆದರೆ 'ಹೆದರುವವರು ಒಳಗಿರಲಿ' ಅಂದಿರಲ್ಲ, ಅಲ್ಲೇ ನನ್ನ ಜಗಳ.

ಮಂಗನ ಕಾಯಿಲೆ ನಿಮಗೆ ಗೊತ್ತೇ ಇದೆ, ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಅದೇನೂ ಹೊಸದಲ್ಲ. ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದರೆ ಆರೋಗ್ಯ ಇಲಾಖೆಯವರು ಬರುತ್ತಾರೆ. ಸೌದೆಗೆ ಹೋಗಬೇಡಿ, ತರಗೆಲೆ ಗುಡಿಸಬೇಡಿ, ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ ಅಂತಾರೆ. ಒಬ್ಬ ಕೇಳಲಿಲ್ಲ ಅಂತಿಟ್ಟುಕೊಳ್ಳಿ. ಉಣುಗು ಕಚ್ಚಿದರೆ ಜ್ವರ ಅವನಿಗೆ. ಅವನಿಂದ ಅವನ ಹೆಂಡತಿಗಾಗಲಿ, ಪಕ್ಕದ ಮನೆಯ ಮಗುವಿಗಾಗಲಿ ಅದು ಅಂಟುವುದಿಲ್ಲ. ಅಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಬುದ್ಧಿ ಹೇಳಬಹುದು, ಎಣ್ಣೆ ಕೊಡಬಹುದು. ಕಾಲು ಕಟ್ಟಿಹಾಕುವಂತಿಲ್ಲ.

ಕೊರೊನಾ ಹಾಗಿರಲಿಲ್ಲವಲ್ಲ. ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟುತ್ತಿತ್ತು. ಮೈಯಲ್ಲಿ ಇದೆ ಅಂತಲೇ ಗೊತ್ತಾಗದವರಿಂದಲೂ ದಾಟುತ್ತಿತ್ತು. ಹೆದರದ ಮಗ ಸಂತೆ ಸುತ್ತಿ ಬಂದರೆ, ಹೆದರಿ ಕೋಣೆಯಲ್ಲಿ ಕೂತ ಅವನ ತಾಯಿಗೆ ಬರುತ್ತಿತ್ತು. ಒಳಗೆ ಇರೋರು, ಹೊರಗೆ ಓಡಾಡೋರು ಅಂತ ಎರಡು ಊರು ಮಾಡೋಕೆ ಆಗುತ್ತಿತ್ತಾ? ನಿಮ್ಮ ಮೈ ನಿಮ್ಮದೇ, ಒಪ್ಪಿದೆ. ನಿಮ್ಮ ಕೆಮ್ಮು ಎದುರಿಗೆ ನಿಂತವರದೂ ಹೌದು.

ನಾನು ಬೆಳೆದದ್ದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ಯಾರ ಮನೆಯಲ್ಲಾದರೂ ಮಗುವಿಗೆ 'ಅಮ್ಮ' ಆದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಸೊಪ್ಪು ಕಂಡವರು ಹೊಸಿಲು ದಾಟುತ್ತಿರಲಿಲ್ಲ. ಆ ಮನೆಯವರೂ ಇನ್ನೊಂದು ಮನೆಗೆ ಕಾಲಿಡುತ್ತಿರಲಿಲ್ಲ. ಏಳು ವರ್ಷದವನಿದ್ದಾಗ ನನಗೂ ಆಯಿತು. ಮೈತುಂಬ ಗುಳ್ಳೆ. ಪಕ್ಕದ ಮನೆಯ ಅಜ್ಜಿ ದಿನಾ ಬೆಳಿಗ್ಗೆ ನಮ್ಮ ಜಗುಲಿಯ ಮೂಲೆಯಲ್ಲಿ ಮಜ್ಜಿಗೆ ಚೊಂಬು ಇಟ್ಟು, 'ಮಡಗಿವ್ನಿ ಕಣವ್ವಾ' ಅಂತ ಕೂಗಿ ಹೋಗುತ್ತಿದ್ದರು. ಅವರು ಅಷ್ಟು ದೂರ ಹೋದ ಮೇಲೆ ಅವ್ವ ಬಾಗಿಲು ತೆಗೆದು ಮಜ್ಜಿಗೆಯನ್ನು ನಮ್ಮ ಪಾತ್ರೆಗೆ ಬಗ್ಗಿಸಿಕೊಳ್ಳುತ್ತಿದ್ದಳು. ನೀರು ಹಾಕಿ ಎಬ್ಬಿಸುವ ತನಕ ಒಂದು ದಿನವೂ ಆ ಚೊಂಬು ತಪ್ಪಲಿಲ್ಲ. ನಮ್ಮನ್ನು ಯಾರೂ ಕೂಡಿಹಾಕಿರಲಿಲ್ಲ. ಕೂಡಿಹಾಕಿದ್ದಾರೆ ಅಂತ ನಮಗೆ ಅನ್ನಿಸಲೂ ಇಲ್ಲ.

ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಊರಾಚೆಯ ದಲಿತರ ಹಟ್ಟಿಯ ಮನೆಗಳಿಗೂ ಹೀಗೇ ಮಜ್ಜಿಗೆ ಹೋಗುತ್ತಿತ್ತಾ ಅಂತ ದೊಡ್ಡವನಾದ ಮೇಲೆ ಅವ್ವನನ್ನು ಕೇಳಿದ್ದೆ. ಅವ್ವ ಸುಮ್ಮನಾದಳು.

ಪ್ಲೇಗಿನ ಕಾಲದಲ್ಲೂ ಜನ ಹೀಗೇ ನಡೆದುಕೊಂಡರು. ನಮ್ಮ ಅಜ್ಜಿ ಹೇಳುತ್ತಿದ್ದಳು, 'ಇಲಿ ಬಿತ್ತು' ಅನ್ನೋ ಎರಡು ಮಾತು ಸಾಕಿತ್ತಂತೆ. ಊರಿಗೆ ಊರೇ ಪಾತ್ರೆ ಪಗಡೆ ಹೊತ್ತು ಹೊಲದ ಗುಡಿಸಲು ಸೇರುತ್ತಿತ್ತು. ತಿಂಗಳುಗಟ್ಟಲೆ ಅಲ್ಲೇ ಒಲೆ, ಅಲ್ಲೇ ಹೆರಿಗೆ. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆಯೇ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಎದ್ದವು. ಅದಕ್ಕೆ ಒಂದು ವರ್ಷ ಮುಂಚೆ ಪುಣೆಯಲ್ಲಿ ಏನಾಯಿತು ನೋಡಿ. ಪ್ಲೇಗು ತಡೆಯೋಕೆ ಬ್ರಿಟಿಷರು ಸೋಲ್ಜರುಗಳನ್ನು ಮನೆಯೊಳಕ್ಕೇ ನುಗ್ಗಿಸಿದರು. ದೇವರ ಮನೆ, ಹೆಂಗಸರ ಕೋಣೆ ಯಾವುದನ್ನೂ ಬಿಡಲಿಲ್ಲ. ಜನ ಕಾಯಿಲೆಯನ್ನೇ ಬಚ್ಚಿಟ್ಟರು. ಪ್ಲೇಗ್ ಕಮಿಷನರ್ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು 1897ರ ಜೂನ್ 22ರಂದು.

ಅದೇ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ನಾವು 2020ರಲ್ಲಿ ಮತ್ತೆ ಕೈಗೆ ತೆಗೆದುಕೊಂಡೆವು. ಮೂಲ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಮು. ಸರ್ಕಾರ ಏನು ಬೇಕಾದರೂ ಕ್ರಮ ಕೈಗೊಳ್ಳಬಹುದು ಅಂತ ಇದೆ. ಮೀರಿದವನಿಗೆ ಶಿಕ್ಷೆ ಇದೆ. ಜಾರಿ ಮಾಡುವ ಅಧಿಕಾರಿಗೆ ರಕ್ಷಣೆ ಇದೆ. ಒಳಗೆ ಕೂತವನ ಮನೆಗೆ ಅಕ್ಕಿ ಯಾರು ತಲುಪಿಸಬೇಕು, ಅವನ ಆ ದಿನಗಳ ಕೂಲಿ ಯಾರು ಕೊಡಬೇಕು ಅನ್ನೋದು ಅದರಲ್ಲಿ ಎಲ್ಲೂ ಇಲ್ಲ. ನೂರಿಪ್ಪತ್ತು ವರ್ಷ ಕಳೆದರೂ ಯಾರೂ ಅದನ್ನು ಸೇರಿಸಲಿಲ್ಲ. ನೀವು ಸಿಟ್ಟು ಮಾಡಬೇಕಾದ್ದು ಇದರ ಮೇಲೆ ಸಾರ್.

ಅಮೆರಿಕದ ಮೇರಿ ಮ್ಯಾಲನ್ ಎಂಬ ಅಡುಗೆಯವಳ ಕಥೆ ನನ್ನನ್ನು ಬಹಳ ಕಾಡಿದೆ. ಅವಳಿಗೆ ಕಾಯಿಲೆಯ ಲಕ್ಷಣವೇ ಇರಲಿಲ್ಲ. ಆದರೆ ಅವಳು ಅಡುಗೆ ಮಾಡಿದ ಮನೆಗಳಲ್ಲಿ ಟೈಫಾಯ್ಡ್ ಬರುತ್ತಿತ್ತು. 1907ರಲ್ಲಿ ಹಿಡಿದು ನ್ಯೂಯಾರ್ಕಿನ ಹತ್ತಿರದ ಒಂದು ದ್ವೀಪದಲ್ಲಿಟ್ಟರು. 1910ರಲ್ಲಿ, ಇನ್ನು ಅಡುಗೆ ಮಾಡಕೂಡದು ಅಂತ ಹೇಳಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಅದರಲ್ಲಿ ಸಂಬಳ ಕಡಿಮೆ. ಅವಳಿಗೆ ಬರುತ್ತಿದ್ದ ಕಸುಬು ಅಡುಗೆಯೊಂದೇ. ಹೆಸರು ಬದಲಾಯಿಸಿಕೊಂಡು ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆ ಸೇರಿದಳು. ಅಲ್ಲಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. 1915ರಲ್ಲಿ ಮತ್ತೆ ಹಿಡಿದರು. 1938ರಲ್ಲಿ ಸಾಯುವ ತನಕ ಅವಳನ್ನು ಆ ದ್ವೀಪದಲ್ಲೇ ಇಟ್ಟಿದ್ದರು. ಅವಳು ಮಾಡಿದ್ದು ತಪ್ಪೇ. ಆದರೆ ಅಡುಗೆ ಬಿಡು ಅಂದವರು, ಅಡುಗೆಯಲ್ಲಿ ಬರುತ್ತಿದ್ದಷ್ಟು ಸಂಬಳದ ಬೇರೆ ಕೆಲಸ ಕೊಟ್ಟಿದ್ದರೆ ಆ 25 ಜನ ಮಲಗುತ್ತಿದ್ದರಾ?

ಇಂಗ್ಲೆಂಡಿನ ಈಮ್ ಎಂಬ ಹಳ್ಳಿಗೆ 1665ರಲ್ಲಿ ಪ್ಲೇಗು ಬಂದಾಗ ಊರಿನವರೇ ಮಾತಾಡಿಕೊಂಡು ಗಡಿ ಹಾಕಿಕೊಂಡರು. ಗಡಿಯ ಕಲ್ಲಿನ ಮೇಲೆ ವಿನೆಗರ್‌ನಲ್ಲಿ ಅದ್ದಿದ ನಾಣ್ಯ ಇಡುತ್ತಿದ್ದರು. ಸುತ್ತಲಿನವರು ನಾಣ್ಯ ತೆಗೆದುಕೊಂಡು ಅಲ್ಲಿ ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಅದನ್ನು ಓದಿದಾಗ ನನಗೆ ನಮ್ಮ ಜಗುಲಿಯ ಮಜ್ಜಿಗೆ ಚೊಂಬು ನೆನಪಾಯಿತು.

2020ರಲ್ಲಿ ನಮ್ಮಲ್ಲಿ ನಡೆದದ್ದು ಬೇರೆ. ವಿದೇಶದಿಂದ ಬಂದವರ ಕೈಗೆ ಶಾಯಿ ಮುದ್ರೆ ಹಾಕಿದರು. ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಮನೆಯಲ್ಲೇ ಇದ್ದಾರೆ ಅನ್ನೋದಕ್ಕೆ ಗಂಟೆಗೊಂದು ಸೆಲ್ಫಿ ಕಳಿಸಿ ಅಂದರು. ಕ್ವಾರಂಟೈನ್ ಆದವರ ವಿಳಾಸಗಳನ್ನು ಎಲ್ಲರೂ ನೋಡುವ ಹಾಗೆ ಅಂತರ್ಜಾಲದಲ್ಲಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತಲ್ಲ, ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು. ಅದಾಗಿ ಮೂರೇ ವರ್ಷಕ್ಕೆ ಇಲ್ಲಿ ಹೀಗಾಯಿತು.

ಬೇವಿನ ಸೊಪ್ಪೂ ಗುರುತೇ, ಸ್ಟಿಕ್ಕರೂ ಗುರುತೇ. ಸೊಪ್ಪನ್ನು ಮನೆಯವರೇ ಸಿಕ್ಕಿಸುತ್ತಿದ್ದರು. ಸ್ಟಿಕ್ಕರ್ ಅಂಟಿಸಿದ ಮೇಲೆ ಅಕ್ಕಪಕ್ಕದವರು ಕಿಟಕಿ ಹಾಕಿಕೊಂಡರು. ಹಾಸನ ಜಿಲ್ಲೆಯಲ್ಲಿ 2020ರ ಮೇ ಎರಡನೇ ವಾರದವರೆಗೂ ಒಂದೂ ಪ್ರಕರಣ ಇರಲಿಲ್ಲ. ಮೊದಲು ಸಿಕ್ಕಿದ್ದು ಮುಂಬೈಯಿಂದ ಊರಿಗೆ ಬಂದವರಲ್ಲಿ. ಅಲ್ಲಿಂದ ಮುಂಬೈ ಅನ್ನೋ ಹೆಸರೇ ಬೈಗುಳವಾಯಿತು. ಅದಕ್ಕೂ ಮೊದಲೇ ಎಷ್ಟೋ ಹಳ್ಳಿಗಳವರು ರಸ್ತೆಗೆ ಮುಳ್ಳು ಹಾಕಿ, ಗುಂಡಿ ತೋಡಿ, ಸ್ವಂತ ಅಣ್ಣತಮ್ಮಂದಿರನ್ನೇ ಹೊರಗೆ ನಿಲ್ಲಿಸಿದ್ದರು. ನನ್ನ ಪರಿಚಯದವರೊಬ್ಬರು ಜ್ವರವಿದ್ದರೂ ಎಂಟು ದಿನ ಯಾರಿಗೂ ಹೇಳಲಿಲ್ಲ. 'ಮಗಳಿಗೆ ಗಂಡು ನೋಡ್ತಿದ್ದೀವಿ, ಬಾಗಿಲಿಗೆ ಅದನ್ನ ಅಂಟಿಸಿಬಿಟ್ಟರೆ?' ಅಂದರು. ಅಷ್ಟರಲ್ಲಿ ಅವರ ಅಣ್ಣನಿಗೂ ಬಂದಿತ್ತು. ಅಣ್ಣ ಉಳಿಯಲಿಲ್ಲ.

ಲಸಿಕೆಯ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೀರ್ಮಾನಿಸಿದೆ. ಯಾರಿಗೂ ಬಲವಂತವಾಗಿ ಚುಚ್ಚುವಂತಿಲ್ಲ, ಆದರೆ ಎಲ್ಲರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ಮಿತಿ ಹಾಕಬಹುದು, ಆ ಮಿತಿ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ನನಗೆ ಅದು ಸರಿ ಅನ್ನಿಸುತ್ತದೆ.

ನಿಮ್ಮ ಪತ್ರದಲ್ಲಿ ಆಶಾ ಕಾರ್ಯಕರ್ತೆಯರ ಮಾತೇ ಇಲ್ಲ. ಸ್ವಾತಂತ್ರ್ಯ ಹೋಯಿತು ಅಂತ ನಾವು ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದಾಗ ನಮ್ಮ ಬಾಗಿಲಿಗೆ ಬಂದು 'ಜ್ವರ ಇದೆಯಾ, ಕೆಮ್ಮು ಇದೆಯಾ' ಅಂತ ಕೇಳಿದವರು ಅವರು. ಹೊಡೆತ ತಿಂದರು, ಬೈಸಿಕೊಂಡರು. ರಾಜ್ಯದ ಸುಮಾರು 42 ಸಾವಿರ ಆಶಾಗಳು 2020ರ ಜುಲೈನಲ್ಲಿ, ತಿಂಗಳಿಗೆ 12 ಸಾವಿರ ಕೊಡಿ, ಸರಿಯಾದ ಮಾಸ್ಕು ಕೊಡಿ ಅಂತ ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತರು. ಕೊನೆಗೆ ಸಿಕ್ಕಿದ್ದು 10 ಸಾವಿರದ ಭರವಸೆ. ಅವರಿಗಾಗಿ ತಟ್ಟೆ ಬಡಿದು ಚಪ್ಪಾಳೆ ಹೊಡೆದವರು ನಾವೇ ಅಲ್ವಾ? ನಾಳೆ ಇನ್ನೊಂದು ಕಾಯಿಲೆ ಬಂದರೆ ಯಾರ ಮಾತು ನಂಬುತ್ತೀರಿ ಅಂತ ಹಳ್ಳಿಯಲ್ಲಿ ಕೇಳಿ. ಲಾಠಿಯವರ ಹೆಸರನ್ನಾಗಲಿ, ಟಿವಿಯವರ ಹೆಸರನ್ನಾಗಲಿ ಯಾರೂ ಹೇಳುವುದಿಲ್ಲ. 'ನಮ್ಮ ಆಶಾ ಅಕ್ಕ ಹೇಳಿದರೆ ಕೇಳ್ತೀವಿ' ಅಂತಾರೆ. ಅಂಥವರ ಗೌರವಧನಕ್ಕೇ ನಮ್ಮಲ್ಲಿ ದುಡ್ಡು ಸಾಲದು.

ಕೊನೆಯದಾಗಿ, ನಿಮ್ಮ ನಾಲ್ಕನೇ ಪುಟ. ಅಲ್ಲಿ ಬೇರೇನೋ ಹೇಳುತ್ತಾ ನಡುವೆ ಹೀಗೆ ಬರೆದಿದ್ದೀರಿ: 'ಮದುವೆ ಮುಗಿದ ವಾರಕ್ಕೆ ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಯಲ್ಲಿ ಆರು ಜನಕ್ಕೆ ಜ್ವರ ಬಂತು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ನಿಲ್ಲಿಸಿ, ಯಾರೂ ಹೊರಗೆ ಬರಬೇಡಿ ಅಂದೆ. 14 ದಿನ ಅಕ್ಕಿ, ಬೇಳೆ, ತರಕಾರಿ ಕಳಿಸಿದೆ. ಕೂಲಿ ಹಿಡಿಯಲಿಲ್ಲ. ಎಲ್ಲರೂ ಉಳಿದರು.'

ಪತ್ರದ ಬೇರೆ ಯಾವ ಸಾಲನ್ನೂ ನಾನು ಇಷ್ಟು ಸಲ ಓದಿಲ್ಲ. ಒಂದೊಂದು ಕೋಣೆಯಲ್ಲಿ ಐದೈದು ಜನ ಇರುವ ಲೈನ್ ಅದು. ಅಲ್ಲಿರುವವರಿಗೂ ಅವರ ಮೈ ಅವರದೇ. ಹೆದರದವರು ಅವರಲ್ಲೂ ಇದ್ದಿರಬೇಕು. ಆದರೂ ನೀವು ಒಳಗಿರಿ ಅಂದಿರಿ, ಅವರು ಇದ್ದರು. ನಿಮ್ಮ ಕೈಯಲ್ಲಿ ಲಾಠಿ ಇರಲಿಲ್ಲ. ಮನೆಗೆ ಅಕ್ಕಿ ಬರುತ್ತಿತ್ತು, ಕೂಲಿ ನಿಲ್ಲಲಿಲ್ಲ, ಎಷ್ಟು ದಿನ ಅನ್ನೋದೂ ಗೊತ್ತಿತ್ತು. ನಾನು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದು ಇದನ್ನೇ. ನೀವು ಅದನ್ನು 2021ರಲ್ಲೇ ಮಾಡಿ ಮುಗಿಸಿದ್ದೀರಿ.

ಆ 14 ದಿನಗಳ ಬಗ್ಗೆ ವಿವರವಾಗಿ ಬರೆದು ಕಳಿಸಿ ಸಾರ್. ಸಾಮಾನು ಯಾರು ತಂದರು, ಎಲ್ಲಿ ಇಟ್ಟು ಹೋದರು, ಮಕ್ಕಳು ಒಳಗೆ ಏನು ಮಾಡಿಕೊಂಡಿದ್ದರು, ಯಾರಾದರೂ ಸಿಟ್ಟು ಮಾಡಿಕೊಂಡರಾ, ಎಷ್ಟು ಖರ್ಚಾಯಿತು, ಎಲ್ಲ ಇರಲಿ. ಲೈನಿನವರನ್ನೂ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಬಿಟ್ಟಿರುತ್ತೇನೆ.

– ಸಂಪಾದಕ